ಬುಡನ್ ಸಾಬನ ಗಂಟಲು ಮತ್ತು ಒಂದು ಬಿಲ್ಲೆಯ ಹೆಸರು

ಒಂದಾನೊಂದು ಊರಿನಲ್ಲಿ, ಊರಿನಲ್ಲಿ ಅಂದರೆ ಊರಿನ ಪಕ್ಕದಲ್ಲಿ, ಯಾಕಂದರೆ ಅವತ್ತು ಊರು ಬಿಸಿಲಿಗೆ ಸ್ವಲ್ಪ ಆಚೆ ಸರಿದು ಕೂತಿತ್ತು, ಬುಡನ್ ಸಾಬ ಅಂತ ಒಬ್ಬ ಕಲಾಯಿಯವನಿದ್ದ. ತಾಮ್ರದ ಪಾತ್ರೆ, ಹಿತ್ತಾಳೆ ಪಾತ್ರೆಗೆ ಒಳಗಡೆ ತವರ ಬಳಿದು ಬೆಳ್ಳಗೆ ಮಾಡೋದು ಅವನ ಕೆಲಸ. ಒಂದು ತಿದಿ, ಒಂದು ಇಕ್ಕಳ, ಒಂದು ಗಂಟಲು. ಇಷ್ಟೇ ಬಂಡವಾಳ.

ತಿದಿ ಒಲೆಗೆ ಗಾಳಿ ಊದುತ್ತಿತ್ತು. ಇಕ್ಕಳ ಪಾತ್ರೆ ಹಿಡಿಯುತ್ತಿತ್ತು. ಗಂಟಲು "ಕಲಾಯೀ... ಪಾತ್ರೆಗೆ ಕಲಾಯೀ!" ಅಂತ ಬೀದಿ ಬೀದಿ ಕೂಗುತ್ತಿತ್ತು.

ಒಂದು ಬೆಳಗ್ಗೆ ನೋಡಿದರೆ ಗಂಟಲು ಗಂಟು ಕಟ್ಟಿಕೊಂಡು ಕೂತಿದೆ. ಗಂಟಿನಲ್ಲಿ ಎರಡು ಕೆಮ್ಮು, ಒಂದು ತೇಗು, ಅರ್ಧ ಜೋಗುಳ.

"ಸಾಬರೇ, ನಾನು ಹೊರಟೆ," ಅಂದಿತು ಗಂಟಲು. "ಮೂವತ್ತು ವರ್ಷ ಕೂಗಿದೆ. ಈಗ ಯಾರೂ ಕಿಟಕಿ ತೆಗೆಯಲ್ಲ. ಎಲ್ಲರೂ ಫೋನಿನಲ್ಲಿ ಹುಡುಕ್ತಾರೆ. ನೀವೂ ಒಂದು ವೆಬ್‌ಸೈಟ್ ಮಾಡಿ. ಅದಕ್ಕೊಂದು ಹೆಸರು ಕೊಂಡುತನ್ನಿ. ಹೆಸರು ಕೂಗಲಿ. ನಾನು ಅದರ ಮಡಿಲಲ್ಲಿ ಕೂತು ಬೆಲ್ಲ ತಿಂತೀನಿ."

"ಹೆಸರಿಲ್ಲದೆ ಆಗಲ್ವಾ?"

"ವೆಬ್‌ಸೈಟಿಗೆ ಗೋಡೆ ಇಲ್ಲ, ಸೂರಿಲ್ಲ. ಹೆಸರೇ ಬಾಗಿಲು. ಬಾಗಿಲಿಲ್ಲದಿದ್ದರೆ ಜನ ಹೊಗೆಗೂಡಿನಿಂದ ಬರ್ತಾರಾ?"

"ಹೊಗೆಗೂಡೂ ಇಲ್ವಲ್ಲ."

"ಅದನ್ನೇ ನಾನೂ ಹೇಳ್ತಿರೋದು."

ಬುಡನ್ ಸಾಬನಿಗೆ ಹೆದರಿಕೆ ಆಯಿತು. ಗಂಟಲಿಲ್ಲದವನು ಮನೆಯ ಆಡನ್ನು ಬೈಯೋಕಾಗಲ್ಲ. ಹೆಂಡತಿ ಬೈದರೆ ತಿರುಗಿ ಬೈಯೋಕಂತೂ ಆಗಲ್ಲ. ಟೋಪಿ ಕೊಡವಿದ. ಒಂಬತ್ತು ಬೆಳ್ಳಿ ಬಿಲ್ಲೆ ಬಿದ್ದವು. ವರ್ಷಕ್ಕೆ ಅವನು ಉಳಿಸೋದು ಒಂಬತ್ತೇ. ಹತ್ತನೆಯದು ಕೈಗೆ ಬಂದ ಕೂಡಲೇ ಆಡಿಗೆ ಹುಲ್ಲಾಗಿಬಿಡುತ್ತಿತ್ತು.

ತಿದಿಯನ್ನು ಹೆಗಲಿಗೆ ಹಾಕಿಕೊಂಡು ಹೆಸರಿನ ಪೇಟೆಗೆ ಹೊರಟ.

ಇಲ್ಲಿ ಆ ಊರಿನ ರಾಜನ ವಿಷಯ ಹೇಳಬೇಕು. ಅವನ ಹೆಸರು ಗುಡ್ಡೆರಾಯ. ಅವನಿಗೆ ಆನೆ ಬೇಡ, ಕುದುರೆ ಬೇಡ, ಹೆಸರು ಬೇಕು. ವರ್ಷ ತುಂಬಿದ ದಿನ ದುಡ್ಡು ಕಟ್ಟದೆ ಬಿಟ್ಟ ಹೆಸರೆಲ್ಲ ರಾಜನಿಗೆ. ಹಾಗೆ ನಾಲ್ಕು ಸಾವಿರ ಹೆಸರು ಗುಡ್ಡೆ ಹಾಕಿಕೊಂಡಿದ್ದ. ಯಾರನ್ನು ಯಾರು ಕರೆದರೂ ಅರಮನೆಯಿಂದ "ಓ" ಅಂತಿದ್ದ.

ಪೇಟೆಯಲ್ಲಿ ಮೊದಲು ಸಿಕ್ಕಿದ್ದು ಸಂಗವ್ವನ ಅಂಗಡಿ. ಅಂಗಡಿ ಅಂದರೆ ಒಂದು ಗೋಣಿಚೀಲ. ಅದರ ಮೇಲೆ ಮುದುಕಿ.

"ಬುಡನ್ ಕಲಾಯಿ ಡಾಟ್ ಊರು. ಈ ಹೆಸರು ಎಷ್ಟವ್ವಾ?"

"ಎಂಟು."

"ಬರೋ ವರ್ಷ?"

"ಎಂಟು."

"ಅದರ ಮುಂದಿನ ವರ್ಷ?"

"ನಿನಗೇನು ಎಣಿಸೋಕೆ ಬರಲ್ವೇನೋ? ಎಂಟು!"

"ಸಕ್ಕರೆಗಿಕ್ಕರೆ ಕೊಡಲ್ವಾ?"

"ಹೆಸರು ಕೊಳ್ಳೋಕೆ ಬಂದಿದೀಯೋ, ಬೀಗರ ಮನೆಗೆ ಬಂದಿದೀಯೋ?"

ಬುಡನ್ ಸಾಬನಿಗೆ ಅವಳ ಮಾತು ಕಹಿ ಅನಿಸಿತು. ಮುಂದೆ ಹೋದ.

ಎರಡನೆಯದು ಗುರಲಿಂಗಪ್ಪನ ಅಂಗಡಿ. "ನನ್ನಲ್ಲಿ ಹೆಸರು ಬಿಟ್ಟಿ!" ಅಂದ ಗುರಲಿಂಗಪ್ಪ. "ಆದರೆ ಬಾಲಕ್ಕೆ ನನ್ನ ಹೆಸರೂ ಇರುತ್ತೆ. ಬುಡನ್ ಕಲಾಯಿ ಡಾಟ್ ಗುರಲಿಂಗಪ್ಪನ ಹಿತ್ತಲು ಡಾಟ್ ಕೋಳಿಗೂಡು ಡಾಟ್ ಊರು."

"ಗಿರಾಕಿ ನನ್ನ ಹತ್ತಿರ ಬರ್ತಾರಾ?"

"ಕೋಳಿಗೂಡಿನವರೆಗೆ ಬರ್ತಾರೆ. ಮೊನ್ನೆ ಒಬ್ಬರು ಬಂದು ಒಳಗೇ ಉಳಿದರು. ಈಗ ದಿನಾ ಒಂದು ಮೊಟ್ಟೆ ಇಡ್ತಾರೆ."

ಬುಡನ್ ಸಾಬ ಅಲ್ಲಿಂದ ಓಡಿದ.

ಮೂರನೆಯದು ಥಳಕಪ್ಪನ ಅಂಗಡಿ. ಕನ್ನಡಿ ಮೆಟ್ಟಿಲು. ಬಾಗಿಲಲ್ಲಿ ಓಲಗ. ಒಳಗೆ ಕಾಲಿಡೋ ಮೊದಲೇ ಬಾಯಿಗೆ ಸಕ್ಕರೆ.

"ಬನ್ನಿ ಸಾಬರೇ ಬನ್ನಿ! ಯಾವ ಹೆಸರಾದರೂ ಒಂದೇ ಒಂದು ಬಿಲ್ಲೆ!"

ಹೆಗಲ ಮೇಲಿನ ತಿದಿ ಬುಸ್ ಅಂದಿತು. ಅದು ಅವನ ಅಜ್ಜನ ಕಾಲದ್ದು, ಮಾತು ಬಿಗಿ. "ಲೇ ಬುಡನ್, ಎರಡನೇ ವರ್ಷಕ್ಕೆ ಎಷ್ಟು ಅಂತ ಕೇಳು."

"ಸುಮ್ನಿರು. ಎರಡನೇ ವರ್ಷ ಬಂದೇ ಬರುತ್ತೆ ಅಂತ ಯಾರು ಕಂಡಿದಾರೆ?"

"ಕಲಾಯಿಯವನಾಗಿ ಹೀಗಂತೀಯಲ್ಲೋ! ನೀನೂ ಮೊದಲ ಸಲ ಅರ್ಧ ದುಡ್ಡಿಗೆ ಹಾಕ್ತೀಯ. ತವರ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಮೂರು ತಿಂಗಳಿಗೆ ಪಾತ್ರೆ ಕರ್ರಗಾಗುತ್ತೆ. ಮತ್ತೆ ಬಂದಾಗ ಪೂರ್ತಿ ದುಡ್ಡು."

"ಅದು ನಾನು. ಇವರು ದೊಡ್ಡ ಮನುಷ್ಯರು. ಮೆಟ್ಟಿಲು ನೋಡು."

ಒಂದು ಬಿಲ್ಲೆ ಕೊಟ್ಟ.

"ಹೆಸರಾಯ್ತು," ಅಂದ ಥಳಕಪ್ಪ. "ಡಾಟ್ ಬೇರೆ. ಡಾಟ್‌ಗೆ ಎರಡು ಬಿಲ್ಲೆ." ಕೊಟ್ಟ. "ಹೆಸರಿಗೆ ಪರದೆ ಹಾಕದಿದ್ದರೆ ಊರವರೆಲ್ಲ ನಿಮ್ಮ ಮನೆ ವಿಳಾಸ ಓದ್ತಾರೆ. ಪರದೆಗೆ ಮೂರು." ಕೊಟ್ಟ. "ಪರದೆ ಕಾಯೋಕೆ ಒಂದು ಆನೆ, ಎರಡು ಬಿಲ್ಲೆ."

"ಆನೆ ಬೇಡ."

"ಬೇಡ ಅನ್ನೋದಕ್ಕೆ ಮೂರು."

ಮೂರಕ್ಕಿಂತ ಎರಡು ಕಡಿಮೆಯಲ್ಲವಾ? ಲೆಕ್ಕ ಅಂದರೆ ಲೆಕ್ಕ. ಬುಡನ್ ಸಾಬ ಆನೆ ಕೊಂಡ. ಉಳಿದ ಒಂದು ಬಿಲ್ಲೆಯನ್ನು ಆನೆ ತಿಂದಿತು. ಒಂದು ಬಿಲ್ಲೆಯ ಹೆಸರು ಒಂಬತ್ತು ಬಿಲ್ಲೆಗೆ ಮನೆಗೆ ಬಂತು.

ಬಂದದ್ದೇನೋ ಚೆನ್ನಾಗೇ ಬಂತು. ಹೆಸರು ಕೂಗಿತು. ಜನ ಬಂದರು. ಗಂಟಲು ಹೆಸರಿನ ಮಡಿಲಲ್ಲಿ ಕೂತು ಬೆಲ್ಲ ತಿಂದಿತು. ವರ್ಷ ತುಂಬುವ ಹಿಂದಿನ ದಿನ ಓಲಗದ ಸಮೇತ ಥಳಕಪ್ಪ ಬಂದ.

"ಎರಡನೇ ವರ್ಷಕ್ಕೆ ನಲವತ್ತು ಬಿಲ್ಲೆ ಸಾಬರೇ."

"ನಲವತ್ತಾ! ನನ್ನ ಹತ್ರ ಒಂಬತ್ತಿದೆ."

"ಪಾಪ," ಅಂದ ಥಳಕಪ್ಪ. ಪಾಪ ಅಂದಿದ್ದಕ್ಕೆ ಒಂದು ಬಿಲ್ಲೆ ತಗೊಂಡು ಹೋದ.

ಮರುದಿನ ಹೆಸರು ರಾಜನ ಗುಡ್ಡೆಗೆ ಹೋಯಿತು. ಮಡಿಲಲ್ಲಿ ಕೂತಿದ್ದ ಗಂಟಲೂ ಜೊತೆಗೇ ಹೋಯಿತು. ಬುಡನ್ ಸಾಬ ಅಯ್ಯೋ ಅನ್ನೋಕೆ ಬಾಯಿ ತೆರೆದ. ಅಯ್ಯೋ ಬರಲಿಲ್ಲ. ಆಡು ಅವನ ಮುಂದೆಯೇ ಅವನ ಟೋಪಿ ಮೇಯಿತು. ಹೆಂಡತಿ ಬೈದಳು. ಸುಮ್ಮನೆ ನಿಂತ.

ಅತ್ತ ಅರಮನೆಯಲ್ಲಿ ರಾಜ ಒಬ್ಬ ಕಳ್ಳನ ವಿಚಾರಣೆಗೆ ಕೂತಿದ್ದ. "ಈ ಕಳ್ಳನಿಗೆ..." ಅಂದ. ಅವನ ಬಾಯೊಳಗಿಂದ ಹೊಸ ಗಂಟಲು "ಕಲಾಯೀ!" ಅಂತ ಕೂಗಿತು. ರಾಜನ ಮಾತು ಮಾತೇ. ಸೈನಿಕರು ಕಳ್ಳನಿಗೆ ಕಲಾಯಿ ಹಾಕಿದರು. ಅವನು ಹೊಳೆಯುತ್ತ ಮನೆಗೆ ಹೋದ. "ಪಕ್ಕದ ರಾಜ್ಯದ ದೂತರಿಗೆ..." ಅಂದ. ಕಲಾಯೀ! "ನಮ್ಮ ಅತ್ತೆಯವರಿಗೆ..." ಅಂದ. ಕಲಾಯೀ! ಸಂಜೆ ಹೊತ್ತಿಗೆ ಆಸ್ಥಾನದಲ್ಲಿ ಕಣ್ಣು ಬಿಡೋಕಾಗದಷ್ಟು ಬೆಳಕು. ಹೊರಗೆ ಹೆಂಗಸರು ಕೊಡ, ಚೊಂಬು ಹಿಡಿದು ಸಾಲು ನಿಂತಿದ್ದರು. "ಹೆಸರು ಇಲ್ಲಿಗೇ ದಾರಿ ತೋರಿಸ್ತಿದೆ. ಹಾಕಪ್ಪಾ ಕಲಾಯಿ!"

ರಾಜ ಮೂರು ದಿನ ಒಲೆ ಮುಂದೆ ಕೂತ. ಕಿರೀಟ ಮಸಿಯಾಯಿತು. ನಾಲ್ಕನೇ ದಿನ ಬುಡನ್ ಸಾಬನನ್ನು ಕರೆಸಿದ. ತಿದಿ ಹೆಗಲೇರಿ ಬಂತು. ಸಂಗವ್ವನೂ ಒಂದು ಕರ್ರಗಿನ ಚೊಂಬು ಹಿಡಿದು ಹಿಂದೆ ಬಂದಳು.

"ಬುಡನ್ ಸಾಬ, ನಿನ್ನ ಹೆಸರು ಬಿಟ್ಟಿಯಾಗಿ ತಗೊಂಡು ಹೋಗು ಕಲಾಯೀ!" ಅಂದ ರಾಜ.

ಬುಡನ್ ಸಾಬ ತಿದಿಯನ್ನು ಒತ್ತಿದ. ತಿದಿ ಅವನ ಪರವಾಗಿ ಮಾತಾಡಿತು. "ಮೊದಲ ವರ್ಷ ಬಿಟ್ಟಿ. ಎರಡನೇ ವರ್ಷಕ್ಕೆ ಎಷ್ಟು?"

ರಾಜನಿಗೆ ಯಾರೂ ಹಾಗೆ ಕೇಳಿರಲಿಲ್ಲ. ಯೋಚಿಸಿದ. "ಒಂದೂ ಬೇಡ. ನನ್ನ ದೊಡ್ಡ ಹಂಡೆಗೆ ಕಲಾಯಿ ಹಾಕು. ಆ ಕಲಾಯಿ ಎಷ್ಟು ದಿನ ಬಾಳುತ್ತೋ ಅಷ್ಟು ದಿನ ಹೆಸರು ನಿನ್ನದು, ಗಂಟಲೂ ನಿನ್ನದು. ಹಂಡೆ ಕರ್ರಗಾದ ದಿನ ಎರಡೂ ವಾಪಸ್ ಕಲಾಯೀ!"

"ಹಾಗಾದರೆ ಮೂರೇ ತಿಂಗಳು," ಅಂದಿತು ಸಂಗವ್ವನ ಚೊಂಬು. "ನನಗೂ ಇವನೇ ಹಾಕಿದ್ದು."

ಬುಡನ್ ಸಾಬ ಚೊಂಬಿನ ಮುಖ ನೋಡಲಿಲ್ಲ. ಒಲೆ ಹೂಡಿದ. ಹಂಡೆಯನ್ನು ಮರಳು ಹಾಕಿ ತಿಕ್ಕಿದ. ತವರ ಹಿಡಿಯಲಿ ಅಂತ ನವಸಾಗರದ ಪುಡಿ ಎರಚಿದ. ಹತ್ತಿ ಉಂಡೆ ಹಿಡಿದು ತವರ ಬಳಿದ. ಒಂದು ಕೈ ಬಳಿದ. ಎರಡು ಕೈ ಬಳಿದ. ತಂದಿದ್ದ ತವರವೆಲ್ಲ ಮುಗಿಯೋವರೆಗೂ ಬಳಿದ. ತಿದಿ ಊದಿ ಊದಿ ಅಜ್ಜನ ಕಾಲದ ಧೂಳೆಲ್ಲ ಹೊರಬಂತು. ಹಂಡೆ ಎಷ್ಟು ಬೆಳ್ಳಗಾಯಿತು ಅಂದರೆ ರಾಜ ಇಣುಕಿ ನೋಡಿದಾಗ ಅವನ ಬಾಲ್ಯ ಕಾಣಿಸಿತು. ಆಗಲೂ ಅವನು ಪಕ್ಕದ ಹುಡುಗರ ಹೆಸರು ಕದಿಯುತ್ತಿದ್ದ.

ಗಂಟಲು ರಾಜನ ಬಾಯಿಂದ ಗಂಟು ಸಮೇತ ಇಳಿದು ಬಂತು. ಬಂದದ್ದೇ ತಡ, ಬುಡನ್ ಸಾಬ ಮೊದಲು ಆಡನ್ನು ಬೈದ. ಆಡು ಮನೆಯಲ್ಲಿತ್ತು, ಆದರೂ ಬೈದ. ಆಮೇಲೆ ಹೆಸರನ್ನು ಥಳಕಪ್ಪನ ಬದಲು ಸಂಗವ್ವನ ಗೋಣಿಚೀಲದಲ್ಲಿ ಇಟ್ಟ. ಕಾಯೋ ಕೂಲಿ ವರ್ಷಕ್ಕೆ ಎಂಟು ಬಿಲ್ಲೆ. ಅವಳ ಚೊಂಬಿಗೆ ಬಿಟ್ಟಿ ಕಲಾಯಿ ಹಾಕಿದ, ದಪ್ಪಗೆ.

"ಸಕ್ಕರೆ ಬೇಕೇನೋ?" ಅಂದಳು ಸಂಗವ್ವ.

"ಎರಡನೇ ಚಮಚಕ್ಕೆ ಎಷ್ಟವ್ವಾ?" ಅಂದ ಬುಡನ್ ಸಾಬ.

ಹಂಡೆ ಇನ್ನೂ ಹೊಳೀತಿದೆಯಂತೆ. ಆನೆ ಮಾತ್ರ ಈಗಲೂ ಪರದೆ ಕಾಯುತ್ತಿದೆ. ಹೆಸರು ಅಂಗಡಿ ಬದಲಾಯಿಸಿತು ಅಂತ ಅದಕ್ಕೆ ಯಾರೂ ಹೇಳಿಲ್ಲ.

ಇದರಿಂದ ತಿಳಿಯೋದೇನು? ಆನೆ ಬೇಡ ಅನ್ನೋಕೆ ಮೂರು ಬಿಲ್ಲೆ ಜೊತೆಯಲ್ಲಿ ಇಟ್ಟುಕೊಂಡೇ ಪೇಟೆಗೆ ಹೋಗಬೇಕು. ಒಲೆ ಆರಿತು, ತವರ ಮುಗೀತು, ಕತೆಯ ಬಾಯಿ ಬೆಳ್ಳಗಾಯಿತು. ನಿಮ್ಮ ನಿಮ್ಮ ಪಾತ್ರೆ ಗುರುತು ಹಿಡಿದು ಎತ್ತಿಕೊಂಡು ಹೊರಡಿ.