ಈರಭದ್ರ ಕಾರಿಗೆ ಸ್ಪೀಕರ್ ಹಾಕಿಸಿದ್ದು

ನಗುವವರು ಮುಂದೆ ಬನ್ನಿ, ನಿದ್ದೆ ಬರುವವರು ಗೋಡೆಗೆ ಒರಗಿಕೊಳ್ಳಿ. ಹುಲಿಕೆರೆ ಗೇಟಿನ ಈರಭದ್ರನ ಕತೆ ಹೇಳ್ತೀನಿ.

ಗೇಟು ಅಂದರೆ ಅಲ್ಲಿ ಗೇಟೇನೂ ಇಲ್ಲ. ಒಂದು ಬಸ್ ಶೆಲ್ಟರು, ಒಂದು ಟೀ ಅಂಗಡಿ, ಒಂದು ಹೊಂಗೆ ಮರ. ಮರದ ಹಿಂದೆ ಹೊನ್ನಮ್ಮನ ಮನೆ. ಮನೆಯಲ್ಲಿ ಇಬ್ಬರೇ, ಅವಳು ಮತ್ತು ಅವಳ ಮಗ ಈರಭದ್ರ. ಮಗನಿಗೆ ಮೂವತ್ತಾಗಿತ್ತು, ಅವನ ಬುದ್ಧಿಗೆ ಇನ್ನೂ ಮೂರಾಗಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. "ಹಾಲು ಉಕ್ತದೆ, ನೋಡ್ತಾ ಇರು" ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡುತ್ತಲೇ ಇರುವನು!

ಮರದ ಕೆಳಗೆ ಅವರಪ್ಪನ ಅಂಬಾಸಿಡರ್ ಕಾರು. ಅಪ್ಪ ಜವರಯ್ಯ ಬಾಡಿಗೆಗೆ ಓಡಿಸುತ್ತಿದ್ದಾಗ ಅದರಲ್ಲಿ ಕೂರದ ಮದುಮಗಳೇ ಸುತ್ತಮುತ್ತ ಇರಲಿಲ್ಲ. ಅವನು ತೀರಿಕೊಂಡು ಮೂರು ವರ್ಷ. ಈಗ ಈರಭದ್ರನೇ ಡ್ರೈವರು. ಬೆಳಿಗ್ಗೆ ಕಾರು ಒರೆಸುವನು, ಬಾಗಿಲು ತೆಗೆಯುವನು, ಕಾಯುವನು. ಯಾರೂ ಹತ್ತರು. ಸಂಜೆ ಬಾಗಿಲು ಹಾಕುವನು. ಜನವೆಲ್ಲ ಎದುರಿಗೆ ನಿಲ್ಲುವ ವ್ಯಾನಿಗೇ ಹತ್ತುವರು. ಅದರಲ್ಲಿ ಹಾಡು ಬರುತ್ತದಲ್ಲ!

ಒಂದು ಸೋಮವಾರ ಹೊನ್ನಮ್ಮ ಅಂದಳು: "ನೋಡು ಮಗ, ಶುಕ್ರವಾರ ಗುಜರಿಯವನು ಬತ್ತಾನೆ. ಅಷ್ಟರೊಳಗೆ ಒಂದು ನರಪಿಳ್ಳೆ ಹತ್ತಿ ಕೂತ್ರೂ ಕಾರು ಇಟ್ಕೊಳಾನ. ಇಲ್ದಿದ್ರೆ ಕೊಟ್ಬಿಡಾನ, ಅವನ್ಗೂ ಹಂಗೇ ಹೇಳಿವ್ನಿ. ಖಾಲಿ ಸೀಟು ನೋಡಿ ನೋಡಿ ಸಾಕಾಯ್ತು ಕಣೋ."

ಸಾಕಿದ್ದ ಎರಡು ಹುಂಜ ಮಾರಿ, ಕಾರಿಗೂ ಹಾಡು ಹಾಕಿಸಿಕೊಂಡು ಬಾ ಅಂತ ಮಗನನ್ನು ಕಾರಿನ ಸಮೇತ ಪೇಟೆಗೆ ಕಳಿಸಿದಳು. ಅಲ್ಲಿ ರೇಡಿಯೋ ರಿಪೇರಿಯ ರಹಮತ್ ಸಾಬರು ತುಕ್ಕು ಹಿಡಿದ ಕ್ಯಾಸೆಟ್ ಡಬ್ಬ ಕಿತ್ತರು, ಹೊಸ ಸೆಟ್ಟು ಕೂರಿಸಿದರು, ಹಿಂದಿನ ಸೀಟಿನ ಬೆನ್ನಿಗೆ ಎರಡು ಸ್ಪೀಕರ್ ಬಿಗಿದರು. "ಹೊಸ ಸ್ಪೀಕರು ಕಣಪ್ಪ, ಮೆತ್ತಗೆ ಹಾಕು" ಅಂದರು.

ಮಂಗಳವಾರ ಈರಭದ್ರ ಮೆತ್ತಗೆ ಹಾಕಿದ. ಎಷ್ಟು ಮೆತ್ತಗೆ? ಸ್ಪೀಕರಿಗೆ ಕಿವಿ ಹಚ್ಚಿದರೂ ಕೇಳದಷ್ಟು! ಬಸ್ಸಿಗೆ ನಿಂತವರನ್ನೂ ಮೆತ್ತಗೆ ಕರೆದ, "ಬನ್ನಿ, ಬನ್ನಿ" ಅಂತ ಬರೀ ತುಟಿ ಆಡಿಸಿದ. ಯಾರೂ ತಿರುಗಿ ನೋಡಲಿಲ್ಲ. ಸಂಜೆ ಬಾಗಿಲು ಹಾಕಿದ.

"ಅಯ್ಯೋ ಪೆದ್ದು ಮುಂಡೇದೆ! ಕೇಳಿಸ್ದೆ ಇದ್ರೆ ಯಾರ್ಲಾ ಬತ್ತಾರೆ? ಎದೆ ಅದುರೋ ಹಂಗೆ ಹಾಕ್ಬೇಕು!"

"ಸರಿ ಕಣವ್ವ, ಹಂಗೇ ಮಾಡ್ತೀನಿ."

ಬುಧವಾರ ಕಾಳಜ್ಜಿ ಬಂದಳು. ಆಸ್ಪತ್ರೆಗೆ ಹೋಗಬೇಕಿತ್ತು, ಬಸ್ಸು ತಪ್ಪಿತ್ತು. ಊರುಗೋಲು ಒಳಗಿಟ್ಟಳು, ಒಂದು ಕಾಲೂ ಒಳಗಿಟ್ಟಳು. ಈರಭದ್ರ ಗುಂಡಿ ಪೂರಾ ತಿರುಗಿಸಿದ. ಧಡ್! ಟೀ ಅಂಗಡಿಯ ಲೋಟ ಉರುಳಿದವು, ಮರದ ಕಾಗೆ ಎದ್ದವು. ಕಾಳಜ್ಜಿ ಊರುಗೋಲು ಬಿಟ್ಟು ಓಡಿದಳು. ಹತ್ತು ವರ್ಷದಿಂದ ಕುಂಟುತ್ತಿದ್ದವಳು ನೆಟ್ಟಗೆ ಓಡಿದಳು!

"ಎದೆ ಅದುರ್ತು ಕಣವ್ವ" ಅಂದ ಸಂಜೆ.

"ನನ್ನ ಹಣೆಬರವೇ! ಜನಾನ ಕೇಳಿ ಹಾಕ್ಬೇಕು ಕಣೋ, ಯಾವ ಹಾಡು ಬೇಕು ಅಂತ!"

"ಸರಿ ಕಣವ್ವ, ಹಂಗೇ ಮಾಡ್ತೀನಿ."

ಗುರುವಾರ ಶೆಲ್ಟರಿನಲ್ಲಿ ಕೂತವರನ್ನೆಲ್ಲ ಕೇಳಿದ. ಮೇಷ್ಟ್ರು ವಚನ ಅಂದರು, ಹಾಕಿದ. ಬಳೆಗಾರ್ತಿ ಸೋಬಾನೆ ಅಂದಳು, ಹಾಕಿದ. ಜನ ತಲೆದೂಗಿದರು, ಕಾಲಲ್ಲಿ ತಾಳ ಹಾಕಿದರು. ಎಲ್ಲಿಗೆ ಹೋಗಬೇಕು ಅಂತ ಮಾತ್ರ ಅವನು ಯಾರನ್ನೂ ಕೇಳಲಿಲ್ಲ. ಬಸ್ಸು ಬಂತು. "ಚೆನ್ನಾಗಿತ್ತಪ್ಪ" ಅಂತ ಎಲ್ಲರೂ ಬಸ್ಸು ಹತ್ತಿ ಹೋದರು. ಅವನು ಸುಮಾರು ಹೊತ್ತು ಕೈ ಬೀಸುತ್ತಾ ನಿಂತಿದ್ದ.

ಹೊನ್ನಮ್ಮ ಹಣೆ ಹಣೆ ಚಚ್ಚಿಕೊಂಡಳು. "ಖಾಲಿ ಕಾರಲ್ಲಿ ಹಾಡು ಹಾಕಿ ಏನ್ಲಾ ಬಂತು? ಜನ ಕೂತಿರೋ ಕಡೆ ಸೌಂಡ್ ಬರ್ಬೇಕು! ಜನ ಇಲ್ದಿರೋ ಕಡೆ ಅಲ್ಲ! ತಿಳೀತಾ?"

"ತಿಳೀತು ಕಣವ್ವ, ಹಂಗೇ ಮಾಡ್ತೀನಿ."

ಶುಕ್ರವಾರ ಬೆಳಿಗ್ಗೆ ಹೊನ್ನಮ್ಮ ಹೊಸಿಲ ಮೇಲೆ ಒಬ್ಬಳೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬೆನ್ನ ಹಿಂದೆ ಹಾಡು ಶುರುವಾಯಿತು! ತಿರುಗಿದರೆ ಅಕ್ಕಿ ಡಬ್ಬದ ಮೇಲೆ ಒಂದು ಸ್ಪೀಕರು. ಬೈಯಲು ಬಾಯಿ ತೆರೆದವಳು ಹಾಗೇ ಕೂತಳು. ಮೂರು ವರ್ಷದಿಂದ ಆ ಮನೆಯಲ್ಲಿ ಅವಳ ಬೈಗುಳ ಬಿಟ್ಟು ಬೇರೆ ಸದ್ದೇ ಇರಲಿಲ್ಲ. ಅವಳಿಗೆ ಅಳು ಬಂತು.

ಕಣ್ಣೊರೆಸಿಕೊಂಡು ವೈರು ಹಿಡಿದು ಹೊರಗೆ ಬಂದಳು. ವೈರು ಕಾರಿನಿಂದ ಬಂದಿತ್ತು. ಇನ್ನೊಂದು ವೈರು ಬಸ್ ಶೆಲ್ಟರಿಗೆ ಹೋಗಿತ್ತು. ಅಲ್ಲಿಯೂ ಬೆಂಚಿನ ಹಿಂದೆ ಸ್ಪೀಕರು ಹಾಡುತ್ತಿತ್ತು, ಜನ ಕೂತು ಕೇಳುತ್ತಿದ್ದರು. ಕಾರಿನೊಳಗೆ ಮಾತ್ರ ಸದ್ದಿಲ್ಲ. ಈರಭದ್ರ ಮುಂದೆ ಡ್ರೈವರ್ ಸೀಟಿನಲ್ಲಿ ಕೈಕಟ್ಟಿ ಕೂತಿದ್ದ.

"ಇದೇನ್ಲಾ ಮಾಡ್ದೆ?"

"ನೀನೇ ಅಂದ್ಯಲ್ಲವ್ವ, ಜನ ಕೂತಿರೋ ಕಡೆ ಸೌಂಡ್ ಬರ್ಬೇಕು ಅಂತ."

"ಕಾರಲ್ಲಿ ಒಂದಾದ್ರೂ ಬಿಡಬಾರ್ದಿತ್ತಾ?"

"ಕಾರಲ್ಲಿ ಯಾರವ್ವ ಇದ್ದಾರೆ? ಯಾರೂ ಇಲ್ಲ. ನಾನೊಬ್ನೇ."

ಹೊನ್ನಮ್ಮ ಹಿಂದಿನ ಬಾಗಿಲು ತೆಗೆದು ಹತ್ತಿ ಕೂತಳು. ಕೇಳಿ ಇಲ್ಲಿ, ಊರ ಮದುಮಕ್ಕಳೆಲ್ಲ ಕೂತ ಆ ಸೀಟಿನಲ್ಲಿ ಜವರಯ್ಯನ ಹೆಂಡತಿ ಕೂತದ್ದು ಅದೇ ಮೊದಲು.

"ಅವ್ವ! ಜನ ಹತ್ತಿದ್ರು!" ಅಂತ ಕೂಗಿ ಈರಭದ್ರ ಕೆಳಗೆ ಹಾರಿದ. ಸ್ಪೀಕರ್ ತರಲು ಓಡುವವನಿದ್ದ.

"ಅದು ಅಲ್ಲೇ ಇರ್ಲಿ ಬಿಡೋ. ನೀನು ಬಾ, ನನ್ನ ಪಕ್ಕ ಕೂತ್ಕೊ."

ಹೇಳಿದ ಹಾಗೇ ಬಂದು ಪಕ್ಕ ಕೂತ.

ಅಷ್ಟರಲ್ಲಿ ಗುಜರಿಯವನ ಗಾಡಿ ಬಂತು. "ಏನಮ್ಮ, ಯಾರಾದ್ರೂ ಹತ್ತಿದ್ರಾ?" ಅಂತ ಕಿಟಕಿಯಲ್ಲಿ ಬಗ್ಗಿದ.

"ಹತ್ತವ್ರೆ ಕಣಪ್ಪ, ಇಬ್ರು. ಕಾರು ಕೊಡಕಿಲ್ಲ, ನೀನು ನಡಿ" ಅಂದಳು ಹೊನ್ನಮ್ಮ.

ಅವನು ಹೋದ. ಹೊತ್ತಾಯಿತು. ಈರಭದ್ರ ಕಿಟಕಿಯಿಂದ ಕತ್ತು ಚಾಚಿ ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. ಮತ್ತೆ ಆ ಕಡೆ ನೋಡಿದ.

"ಯಾರನ್ನ ಹುಡುಕ್ತಿದ್ದೀಯೋ?"

"ಜನ ಹತ್ತಿ ಎಷ್ಟು ಹೊತ್ತಾಯ್ತವ್ವ! ಈ ಡ್ರೈವರ್ ಎಲ್ಲಿ ಹೋದ? ಇನ್ನೂ ಬರ್ಲೇ ಇಲ್ವಲ್ಲ!"

ಹೊನ್ನಮ್ಮ ಬೈಯಬೇಕು ಅಂತ ಬಾಯಿ ತೆರೆದಳು. ಆಮೇಲೆ ಮುಂದಿನ ಖಾಲಿ ಸೀಟು ನೋಡಿದಳು.

"ಬತ್ತಾನೆ ಇರು ಮಗ" ಅಂದಳು.

ಸರಿ ಕಣವ್ವ ಅಂದ. ಇಬ್ಬರೂ ಕೂತು ಕಾದರು.