ದಂಡದಡಿಯ ಕರೆ

ತುಂಗಭದ್ರೆಯ ಮೇಲೆ ಮುಂಜಾನೆಯ ಮಂಜು ಹರಡಿತ್ತು. ಹರಿಗೋಲು ನಡೆಸುವ ಜಂಬಣ್ಣನಿಗೆ ಆ ಹೊತ್ತಿನಲ್ಲಿ ನೀರು ಯಾವುದು, ಆಕಾಶ ಯಾವುದು ಎಂಬುದೇ ಮರೆತುಹೋಗುತ್ತಿತ್ತು. ಎದುರು ಕೂತಿದ್ದ ವಕೀಲ ಸ್ವಾಮಿರಾಯರು ಅವನ ಮಡಿಲಿಗೆ ಒಂದು ಕಾಗದ ಎಸೆದರು.

“ಸಬ್‌ಪೀನಾ ಕಣೋ! ನಡುಗಡ್ಡೆಯನ್ನು ನಮ್ಮ ಕಕ್ಷಿದಾರ ಗೌಡರೇ ಉಳುತ್ತಿದ್ದರು ಅಂತ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು.”

ಆ ನಡುಗಡ್ಡೆಯೆಂದರೆ ಊರಿನ ದನಗಳು ಮೇಯುವ ಜಾಗ. ಜಂಬಣ್ಣ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಹರಿಗೋಲು ಮೆಲ್ಲಗೆ ತನ್ನಷ್ಟಕ್ಕೆ ತಿರುಗತೊಡಗಿತು.

“ಹಂಗಂದ್ರೇನ್ರೀ, ಸಾಮಿ?”

“ಲ್ಯಾಟಿನ್ ಮಾತು. ಸಬ್ ಅಂದರೆ ಅಡಿ, ಪೀನಾ ಅಂದರೆ ದಂಡ. ದಂಡದಡಿ ಕರೆಯೋದು. ಬರದಿದ್ದರೆ ದಂಡ!”

“ಬಂದು ಏನು ಹೇಳಬೇಕು ಅಂತ ಆ ಮಾತಿನಾಗ ಐತೇನ್ರೀ?”

“ಅದೆಲ್ಲ ಇಲ್ಲ.”

“ಹಂಗಾದ್ರೆ ಬರ್ತೀನ್ರೀ. ಅಲ್ಲಿ ಗೌಡ್ರ ನೇಗಿಲು ಒಂದಿನಾನೂ ಕಂಡಿಲ್ಲ ಅಂತೀನಿ.”

ರಾಯರ ಮುಖ ಬಿಳಿಚಿತು. “ಬೇಡಪ್ಪಾ! ನೀನು ಬರಲೇಬೇಡ.”

“ದಂಡ?”

“ನಾನೇ ಕಟ್ತೀನಿ!”

“ಛೇ, ನನ್ನ ದಂಡ ನಿಮಗ್ಯಾಕ್ರೀ?” ಎಂದು ಜಂಬಣ್ಣ ಕಾಗದವನ್ನು ರುಮಾಲಿಗೆ ಸಿಕ್ಕಿಸಿಕೊಂಡ.

ವಿಚಾರಣೆಯ ದಿನ ಕೋರ್ಟಿನ ಬಾಗಿಲು ತೆರೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಕೂತಿದ್ದ. ಕಾಗದ ತೋರಿಸಿ ಕಟಕಟೆ ಹತ್ತಿ, ಕಂಡದ್ದನ್ನೇ ಹೇಳಿದ. ನಡುಗಡ್ಡೆ ಊರಿಗೇ ಉಳಿಯಿತು. ಅಲ್ಲಿ ಮೇಯುವ ದನಗಳ ಕೊರಳಗಂಟೆ ಕನಸಿನೊಳಗಿಂದ ಬಂದಂತೆ ಈಗಲೂ ಕೇಳುತ್ತದೆ.