ಕದ ಕೊಟ್ಟಯ್ಯನ ಗುಡ್ಡ

ಹಿರೇಕಣವಿಗೂ ಚಿಕ್ಕಕಣವಿಗೂ ನಡುವೆ, ಎರಡೂ ಊರಿನವರು ತಮ್ಮದೆಂದು ಹೇಳಿಕೊಳ್ಳುವ ಒಂದು ಬೋಳುಗುಡ್ಡವಿದೆ. ಬರೀ ಬಂಡೆಗಲ್ಲು, ಒಂದು ಕುರಿಗೆ ನೆರಳಾಗುವಷ್ಟು ಗಿಡವೂ ಅಲ್ಲಿ ಬೆಳೆಯದು. ನೆತ್ತಿಯ ಮೇಲೆ ಮಲ್ಲಯ್ಯನ ಚಿಕ್ಕ ಕಲ್ಲುಗುಡಿ. ಹತ್ತಿ ಬಂದ ಹೊಸಬರು ಮೊದಲು ಕೇಳುವ ಮಾತು, ಇದಕ್ಕೆ ಕದ ಎಲ್ಲಿ ಎಂದು. ಚೌಕಟ್ಟಿದೆ, ಹೊಸ್ತಿಲಿದೆ, ಕದ ತಿರುಗಲು ಮೇಲೆ ಕೆಳಗೆ ಕೊರೆದ ಕುಳಿಗಳಿವೆ, ಕದ ಮಾತ್ರ ಇಲ್ಲ. ಆಡುಗಳು ಒಳಗೆ ನುಗ್ಗುತ್ತವೆ, ಗಾಳಿಗೆ ದೀಪ ಆರುತ್ತದೆ, ಮಳೆ ಬಂದರೆ ಲಿಂಗದ ಬುಡಕ್ಕೇ ನೀರು. ಪೇಟೆಯ ಸಾಹುಕಾರರೊಬ್ಬರು ಹಿತ್ತಾಳೆಯ ಕದ ಮಾಡಿಸಿ ಗಾಡಿಯಲ್ಲಿ ಕಳಿಸಿದ್ದರಂತೆ. ಬೇರೆ ಯಾವ ವಿಷಯಕ್ಕೂ ಒಂದಾಗದ ಈ ಎರಡು ಊರುಗಳು ಅಂದು ಒಂದಾಗಿ, ಕೈಮುಗಿದು, ಗಾಡಿಯನ್ನು ಹಿಂದಕ್ಕೆ ಕಳಿಸಿದವು.

ಹಿಂದೆ ಒಮ್ಮೆ ಈ ಗುಡಿಗೂ ಕದವಿತ್ತು, ಎಲ್ಲ ಗುಡಿಗಳ ಹಾಗೆ ಕಟ್ಟಳೆಯೂ ಇತ್ತು ಎನ್ನುತ್ತಾರೆ. ಊರಲ್ಲಿ ಹೆಣವಿದ್ದರೆ, ಅದು ಮಣ್ಣಾಗುವ ತನಕ ಗುಡಿಯ ಕದ ಹಾಕಬೇಕು, ಪೂಜೆ ನಿಲ್ಲಿಸಬೇಕು. ಸಾವಿನ ಮೈಲಿಗೆ ದೇವರ ಕಣ್ಣಿಗೆ ಬೀಳಬಾರದು. ಪೂಜಾರಿ ಅಡಿವೆಪ್ಪ ಇದನ್ನು ಒಮ್ಮೆಯೂ ತಪ್ಪಿಸಿದವನಲ್ಲ. ಅವನ ತಾಯಿ ಹಂಪವ್ವ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಆ ಗುಡಿಯ ಕಸ ಬಳಿಯುತ್ತ, ದೀಪಕ್ಕೆ ಎಣ್ಣೆ ಹಾಕುತ್ತ ಮುದುಕಿಯಾದವಳು. ಕಾಲು ಸೋತು ಗುಡ್ಡ ಹತ್ತಲಾಗದೆ ಹೋದಾಗ, ಬುಡದಲ್ಲಿದ್ದ ತಮ್ಮ ಮನೆಯ ಕಟ್ಟೆಯ ಮೇಲೆ ಮಲಗಲು ಹೊರಸು ಹಾಕಿಸಿಕೊಂಡಳು. ಗುಡಿಯ ಬಾಗಿಲು ಆ ಕಟ್ಟೆಗೆ ನೇರವಾಗಿತ್ತು. ಬೆಳಗ್ಗೆ ಮಗ ಮೇಲೆ ಹೋಗಿ ಕದ ತೆರೆದು ದೀಪ ಹಚ್ಚಿದರೆ, ಒಳಗಿನ ಕತ್ತಲಲ್ಲಿ ಅದು ಕೆಳಗಿನವರೆಗೂ ಕಾಣುತ್ತಿತ್ತು. ಅದನ್ನು ಕಂಡ ಮೇಲೆಯೇ ಬಾಯಿಗೆ ನೀರು ಎಂಬುದು ಅವಳ ನೇಮ.

ಒಂದು ಬೇಸಿಗೆಯಲ್ಲಿ ಹಂಪವ್ವ ಜ್ವರ ಹಿಡಿದು ಮಲಗಿದ್ದಳು. ಆಗಲೇ ಗುಡ್ಡದ ಕೆಳಗಿನ ಮಂಟಪದಲ್ಲಿ ದಾರಿಹೋಕ ಮುದುಕನೊಬ್ಬ ಸತ್ತು ಬಿದ್ದಿದ್ದ. ಅಡಿವೆಪ್ಪ ಕಟ್ಟಳೆಯಂತೆ ಓಡಿಹೋಗಿ ಕದ ಹಾಕಿ ಬಂದ. ಸಂಜೆಯೊಳಗೆ ಯಾರಾದರೂ ಹೆಣ ಎತ್ತುತ್ತಾರೆ, ಮತ್ತೆ ದೀಪ ಹಚ್ಚಬಹುದು ಎಂದುಕೊಂಡಿದ್ದ. ಆದರೆ ಎತ್ತುವವರಾರು? ಸತ್ತವನ ಕೊರಳಲ್ಲಿ ಲಿಂಗವಿಲ್ಲ, ಹೆಗಲಲ್ಲಿ ಜನಿವಾರವಿಲ್ಲ. ಕೈಯಲ್ಲಿದ್ದ ಮಣಿಸರ ಬೈರಾಗಿಯದೂ ಇರಬಹುದು, ಫಕೀರನದೂ ಇರಬಹುದು. ಎರಡೂ ಊರಿನ ಹಿರಿಯರು ಮಂಟಪ ಕಾಣುವಷ್ಟು ದೂರದ ಬೇವಿನ ಕಟ್ಟೆಯಲ್ಲಿ ಸೇರಿದರು. ದೇಹವನ್ನು ಅಗ್ನಿಗೆ ಒಪ್ಪಿಸದೆ ಜೀವಕ್ಕೆ ದಾರಿಯಿಲ್ಲ, ಆದರೆ ಗೋತ್ರ ಗೊತ್ತಿಲ್ಲದವನಿಗೆ ಯಾವ ಮಂತ್ರ ಹೇಳಲಿ ಎಂದರು ಶೇಷಭಟ್ಟರು. ಲಿಂಗವಂತನಿಗೆ ಸಾವೇ ಇಲ್ಲ, ಅವನು ಲಿಂಗದಲ್ಲಿ ಕೂಡುತ್ತಾನೆ, ಕೂರಿಸಿ ಸಮಾಧಿ ಮಾಡುತ್ತೇವೆ; ಇವನು ನಮ್ಮವನೆಂದು ಹೇಗೆ ತಿಳಿಯುವುದು ಎಂದರು ಮಠದ ಮರುಳಯ್ಯನವರು. ಮಣ್ಣಿನಿಂದ ಬಂದವನು ಮಣ್ಣಿಗೆ ಹೋಗುತ್ತಾನೆ, ನಮಾಜು ಮಾಡಿ ಮಲಗಿಸಬೇಕು; ನಮ್ಮವನಲ್ಲದಿದ್ದರೆ ಅವನ ದೇವರಿಗೆ ನಾನು ಏನೆಂದು ಹೇಳಲಿ ಎಂದರು ಮುಲ್ಲಾ ಖಾಸಿಂಸಾಬರು. ಮೂವರೂ ಒಳ್ಳೆಯವರೇ, ಮೂವರ ಮಾತೂ ಮನಸ್ಸಿನಿಂದ ಬಂದದ್ದೇ. ಆದರೆ ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲವಂತೆ. ಇಲ್ಲಿ ಸತ್ತವನಿಗೂ ಗತಿಯಾಗಲಿಲ್ಲ. ಗುಡ್ಡ ನಿಮ್ಮದು, ಹೆಣವೂ ನಿಮ್ಮದು ಎಂದು ಊರಿಗೆ ಊರು ಜಗಳಕ್ಕೆ ನಿಂತಿತು. ಗುಡ್ಡ ನಮ್ಮದಲ್ಲ ಎಂದು ಎರಡೂ ಊರು ಹೇಳಿದ್ದು ಅದೊಂದೇ ಸಲವಿರಬೇಕು.

ಮರುದಿನವೂ ಕದ ತೆರೆಯಲಿಲ್ಲ. ಹಂಪವ್ವನ ತುಟಿ ಒಣಗಿ ಬಿರಿದಿತ್ತು. ಮಗ ತಂಬಿಗೆ ಹಿಡಿದು ಹೊರಸಿನ ಪಕ್ಕದಲ್ಲಿ ಕೂತು, "ಯವ್ವಾ, ಒಂದು ಗುಟುಕು ಕುಡಿಬೇ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅತ್ತ. ಅವಳು ಮುಚ್ಚಿದ ಕದವನ್ನೇ ನೋಡುತ್ತಿದ್ದಳು.

"ನೀರಿಂದು ಬಿಡೋ. ನನಗ ಬ್ಯಾರೆ ಚಿಂತಿ ಹತ್ತೈತಿ. ಇಷ್ಟು ವರ್ಷ ಅವನ ಮನಿ ಕಸಾ ಬಳದೀನಿ, ದೀಪಕ್ಕ ಎಣ್ಣಿ ಹಾಕೀನಿ. ನಾ ಹೋದ ದಿನಾ ನೀನ ಮ್ಯಾಲ ಹೋಗಿ ಕದಾ ಹಾಕ್ತಿ. ನನ್ನ ಕಳಸಾಕ ಅವ ಇರಂಗಿಲ್ಲೇನು?"

ಅಡಿವೆಪ್ಪ ತಂಬಿಗೆ ಕೆಳಗಿಟ್ಟ. ಅವಳೇ ಮತ್ತೆ, "ಸಾವು ಕೊಟ್ಟಾವ ಅವನ ಅಲ್ಲೇನು? ಕೊಟ್ಟಾವಗ ನೋಡಾಕ ಏನು ಧಾಡಿ?" ಎಂದು ದಣಿದು ರೆಪ್ಪೆ ಮುಚ್ಚಿದಳು.

ಅಡಿವೆಪ್ಪ ಎದ್ದು ಗುಡ್ಡ ಹತ್ತಿದ. ಕದ ತೆರೆದು ದೀಪ ಹಚ್ಚಿದ. ಆಮೇಲೆ ಕದವನ್ನೇ ಮೇಲಕ್ಕೆತ್ತಿ ಕುಳಿಯಿಂದ ಬಿಡಿಸಿ, ಬೆನ್ನಿಗೆ ಹೊತ್ತು ಇಳಿದು ಬಂದ. ಯಾರವನೆಂದು ತಿಳಿಯದ ಹೆಣದ ಚಟ್ಟಕ್ಕೆ ಊರವರು ಗಳ ಕೊಡುವಂತಿರಲಿಲ್ಲ, ಆ ಬೋಳುಗುಡ್ಡದಲ್ಲಿ ಬೇರೆ ಒಂದು ಕಟ್ಟಿಗೆಯಾದರೂ ಎಲ್ಲಿತ್ತು? ಮಂಟಪದಲ್ಲಿ ಅದನ್ನು ಹಾಸಿ, ಒಬ್ಬನೇ ಹೆಣವನ್ನು ಅದರ ಮೇಲೆ ಮಲಗಿಸಿ, ಒಂದು ತುದಿ ಹಿಡಿದು ಎಳೆಯತೊಡಗಿದ. ಬೇವಿನ ಕಟ್ಟೆಯಲ್ಲಿ ಇನ್ನೂ ವಾದಿಸುತ್ತಿದ್ದವರು ಬೆಚ್ಚಿ ಎದ್ದರು. ಎರಡೂ ಊರಿನ ಜನ ತಲೆಮಾರುಗಳಿಂದ ಹಣೆ ಹಚ್ಚಿ ಅರಿಸಿನ ಕುಂಕುಮ ಬಳಿದ ಕದ ಅದು. ಖಾಸಿಂಸಾಬರ ತಾಯಿಯೂ ಮಗ ಹುಟ್ಟಲೆಂದು ಅದಕ್ಕೆ ದಾರ ಕಟ್ಟಿದ್ದವಳೇ. "ದೇವರ ಕದಾ ನೆಲಕ್ಕ ತಾಕಬಾರದೋ!" ಎಂದು ಯಾರೋ ಕೂಗಿದರು. ಮರುಳಯ್ಯನವರು ಓಡಿ ಬಂದು ಒಂದು ಮೂಲೆ ಹಿಡಿದರು, ಖಾಸಿಂಸಾಬರು ಇನ್ನೊಂದು. ಶೇಷಭಟ್ಟರು ಒಂದು ಗಳಿಗೆ ನಿಂತು, ಮೇಲುಹೊದಿಕೆಯನ್ನು ಸೊಂಟಕ್ಕೆ ಬಿಗಿದು, ಉಳಿದ ಮೂಲೆಗೆ ಹೆಗಲು ಕೊಟ್ಟರು. ಅವರೆಲ್ಲ ಹೊತ್ತದ್ದು ಕದವನ್ನು. ಹೆಣ ಅದರ ಮೇಲಿತ್ತು, ಅಷ್ಟೇ. ಗುಡ್ಡದ ಪಡುವಣಕ್ಕೆ ಮೆತ್ತನೆಯ ನೆಲ ನೋಡಿ ಗುಂಡಿ ತೋಡಿದರು. ಮೂವರೂ ತಮಗೆ ಬರುವುದನ್ನು ಮೆಲ್ಲನೆ ಹೇಳಿದರು, ಯಾರೂ ಯಾರನ್ನೂ ತಡೆಯಲಿಲ್ಲ. ಹೆಣ ಹೊತ್ತದ್ದು ಮತ್ತೆ ಗುಡಿಗೆ ಸಲ್ಲದೆಂದು ಕದವನ್ನು ಅವನ ಮೇಲೆಯೇ ಹೊದಿಸಿ ಮಣ್ಣೆಳೆದರು.

ಅಡಿವೆಪ್ಪ ಮನೆಗೆ ಬಂದಾಗ ಹಂಪವ್ವ ಎಚ್ಚರವಾಗಿದ್ದಳು. ದೀಪ ಕಂಡಿದ್ದಳು. ಮಗನ ಕೈಯಿಂದ ನೀರು ಕುಡಿದಳು. ಆದರೆ ನೀರು ತಡವಾಗಿತ್ತು. ಮಾರನೆಯ ಬೆಳಗ್ಗೆ ದೀಪದ ಕಡೆಗೇ ಮುಖ ಮಾಡಿ ಹೋಗಿಬಿಟ್ಟಳು. ಈಗ ಪೂಜಾರಿಯ ಮನೆಯಲ್ಲೇ ಹೆಣ, ಮೇಲೆ ಬಾಗಿಲು ಬಟಾಬಯಲು. ಕಂಬಳಿಯನ್ನಾದರೂ ಇಳಿಬಿಡೋಣ ಎಂದು ಊರವರು ಹೆದರಿ ಹೇಳಿದರು. ಅಡಿವೆಪ್ಪ ಒಪ್ಪಲಿಲ್ಲ. ತಾಯಿಯ ಚಟ್ಟವನ್ನು ಗುಡ್ಡದ ಬುಡದಲ್ಲಿ, ಬಾಗಿಲಿಗೆ ನೇರವಾಗಿ ನಿಲ್ಲಿಸಿ, ಮುಖದ ಮೇಲಿನ ಬಟ್ಟೆ ಸರಿಸಿ, ಗಂಟಲು ಹರಿಯುವಂತೆ ಕೂಗಿದ: "ಅಯ್ಯಾ, ನಮ್ಮವ್ವ ಹೊಂಟಾಳ, ನೋಡು!" ಜನ ಉಸಿರು ಬಿಗಿಹಿಡಿದು ಮೇಲೆ ನೋಡಿದರು. ಲಿಂಗ ಸೀಳಲಿಲ್ಲ, ಸಿಡಿಲು ಬೀಳಲಿಲ್ಲ. ದೀಪ ಇದ್ದ ಹಾಗೆಯೇ ಉರಿಯುತ್ತಿತ್ತು. ಅಂದಿನಿಂದ ಮಲ್ಲಯ್ಯ ಕದ ಕೊಟ್ಟಯ್ಯನಾದ, ಗುಡ್ಡ ಕದ ಕೊಟ್ಟಯ್ಯನ ಗುಡ್ಡವಾಯಿತು ಎನ್ನುತ್ತಾರೆ.

ಇಂದಿಗೂ ಪಡುವಣಕ್ಕೆ ಹೋದರೆ ಕದದಷ್ಟೇ ಅಗಲದ ಒಂದು ಮಣ್ಣುದಿಬ್ಬ ಕಾಣುತ್ತದೆ. ಒಬ್ಬರು ವಿಭೂತಿ ಇಟ್ಟು ಹೋಗುತ್ತಾರೆ, ಒಬ್ಬರು ಮುಲ್ಲಾನಿಂದ ಸಕ್ಕರೆ ಓದಿಸಿ ಹಂಚುತ್ತಾರೆ. ಅವನು ಯಾರೆಂದು ತಿಳಿಯಲೇ ಇಲ್ಲ, ಹಾಗಾಗಿ ಎಲ್ಲರಿಗೂ ಬೇಕಾದವನಾಗಿದ್ದಾನೆ. ಎರಡೂ ಊರುಗಳಲ್ಲಿ ಯಾರೇ ಸತ್ತರೂ, ಸುಡಲು ಒಯ್ಯುವವರಾಗಲಿ ಹೂಳಲು ಒಯ್ಯುವವರಾಗಲಿ, ಗುಡ್ಡದ ಬುಡದಲ್ಲಿ ಬಾಗಿಲಿಗೆ ನೇರ ನಿಂತು, ಮುಖದ ಬಟ್ಟೆ ಸರಿಸಿ, ಆ ಮಾತು ಕೂಗಿಯೇ ಮುಂದೆ ಹೋಗುತ್ತಾರೆ. ಇದನ್ನು ಬರೆಯುತ್ತಿರುವ ನಾನು ದೇವರ ವಿಷಯದಲ್ಲಿ ಅಷ್ಟು ಗಟ್ಟಿ ನಂಬಿಕೆಯವನಲ್ಲ. ಆದರೆ ನಮ್ಮ ಅಪ್ಪನನ್ನು ಒಯ್ದ ದಿನ ಕೂಗುವ ಸರದಿ ನನ್ನದಾಗಿತ್ತು. ಅಲ್ಲಿ ನಿಂತೆ, ಬಾಯಿ ತೆರೆದೆ, ದನಿ ಬರಲಿಲ್ಲ. ಹೊತ್ತವರು ಹೆಗಲು ಬದಲಿಸದೆ ಕಾದರು. ಮೇಲೆ ಆ ಬಾಗಿಲು ತೆರೆದೇ ಇತ್ತು. ಕೊನೆಗೆ ಕೂಗಿದೆ.